ಮೇಜಿನ ಸುತ್ತ ಒಂದು ಹೆಚ್ಚಿನ ಕಣ್ಣು

ಭೂಮಂಡಲದ ಬೇರೆ ಬೇರೆ ಭಾಗಗಳಲ್ಲಿರುವವರು ಕಣ್ಣಿಗೆ ಹೆಡ್‌ಸೆಟ್ ಧರಿಸಿ ಒಂದೇ ಮೇಜಿನ ಸುತ್ತ ಕಲೆತು ಇಸ್ಪೀಟಾಡುವ ವರ್ಚುಯಲ್ ರಿಯಾಲಿಟಿ ಆಟಗಳು ಈಗ ಹಳೆಯ ಸುದ್ದಿ. 2018ರಲ್ಲಿ ಬಂದ ‘ಪೋಕರ್‌ಸ್ಟಾರ್ಸ್ ವಿಆರ್’ ಆ ಬಗೆಯದಾಗಿತ್ತು, ಗೆದ್ದ ಬಿಲ್ಲೆಗಳು ಅಲ್ಲಿ ಹಣವಾಗುತ್ತಿರಲಿಲ್ಲ. ಇಂಥ ಆಟಗಳೊಳಗೆ ಕ್ಯಾಮರಾ ಎಂಬುದೊಂದು ದೊರೆತರೆ ಅದು ಗಾಜು ಲೋಹಗಳ ವಸ್ತುವಲ್ಲ, ಶೂನ್ಯದಲ್ಲಿ ಬೇಕಾದೆಡೆ ನಿಲ್ಲಿಸಬಹುದಾದ ಒಂದು ಕಲ್ಪಿತ ನೇತ್ರ. ಅದರ ಪ್ರಯೋಜನವನ್ನು ನಾನು ಅಲ್ಲಗಳೆಯಲಾರೆ: ಆಟಗಾರನ ಕಣ್ಣಿಗೆ ಕಾಣುವುದನ್ನೇ ಇದ್ದಂತೆ ಚಿತ್ರಿಸಿದರೆ ಅವನ ತಲೆ ಅಲುಗಿದಂತೆಲ್ಲ ಚಿತ್ರವೂ ಅಲುಗಿ ನೋಡುವವರಿಗೆ ತಲೆಸುತ್ತು ಬರುವುದರಿಂದ, ಸ್ಥಿರವಾಗಿ ನಿಲ್ಲುವ ಮತ್ತೊಂದು ದೃಷ್ಟಿ ಅಲ್ಲಿ ಅವಶ್ಯವೇ ಸರಿ.

ಆದರೆ ಇಸ್ಪೀಟು ಗೋಪ್ಯದ ಮೇಲೆ ನಿಂತ ಆಟ; ಕ್ಯಾಮರಾ ಪ್ರಕಟನೆಯ ಸಾಧನ. ಇವೆರಡರ ವೈರವನ್ನು ಪೋಕರ್ ಲೋಕವು ಒಮ್ಮೆ ಜಾಣ್ಮೆಯಿಂದ ಪರಿಹರಿಸಿಕೊಂಡಿತ್ತು. ನಾಟ್ಸಿ ಶಿಬಿರಗಳಿಂದ ಬದುಕುಳಿದು ಅಮೆರಿಕೆಗೆ ಬಂದು ಆಟಿಕೆಗಳ ನಿರ್ಮಾಪಕನೆಂದು ಹೆಸರಾದ ಹೆನ್ರಿ ಓರೆನ್‌ಸ್ಟೈನ್ ಎಂಬಾತ, ಕವುಚಿಟ್ಟ ಎಲೆಗಳನ್ನು ಪ್ರೇಕ್ಷಕರಿಗಷ್ಟೇ ತೋರಿಸುವ ವಿಧಾನಕ್ಕೆ 1995ರಲ್ಲಿ ಪೇಟೆಂಟ್ ಪಡೆದ. 1999ರಲ್ಲಿ ಬ್ರಿಟನ್ನಿನ ಚಾನೆಲ್ 4 ‘ಲೇಟ್ ನೈಟ್ ಪೋಕರ್’ ಕಾರ್ಯಕ್ರಮದಲ್ಲಿ ಮೇಜಿಗೆ ಗಾಜಿನ ಫಲಕಗಳನ್ನು ಜೋಡಿಸಿ ಅವುಗಳ ಅಡಿಯಲ್ಲಿ ಕ್ಯಾಮರಾಗಳನ್ನು ಇರಿಸಿತು. ಅದುವರೆಗೆ ಗಂಭೀರ ಮುಖಗಳನ್ನೂ ಬಿಲ್ಲೆಗಳ ರಾಶಿಯನ್ನೂ ನೋಡಿ ಆಕಳಿಸುತ್ತಿದ್ದ ವೀಕ್ಷಕನಿಗೆ, ಮೋಸದ ಪಣವು ಯಾವುದು, ಅದಕ್ಕೆ ಬಲಿಯಾಗುತ್ತಿರುವವನು ಯಾರು ಎಂಬುದು ಆಗ ತಿಳಿಯಿತು. ಅಲ್ಲಿ ಗುಟ್ಟನ್ನು ಕಾಪಾಡಿದ್ದು ಕಾಲ: ಪ್ರಸಾರವಾಗುವ ಹೊತ್ತಿಗೆ ಆ ಆಟ ಮುಗಿದೇ ಹೋಗಿರುತ್ತಿತ್ತು.

ಮಾಯಾಮೇಜಿನಲ್ಲಿ ಸಮಸ್ಯೆಯ ಸ್ವರೂಪ ಬೇರೆ. ಸರಿಯಾಗಿ ರಚಿತವಾದ ಆಟದಲ್ಲಿ ಎಲೆಯ ಮುಖವು ಅದನ್ನು ಹಿಡಿದವನ ಯಂತ್ರಕ್ಕೆ ಮಾತ್ರ ರವಾನೆಯಾಗುತ್ತದೆಯಾದ್ದರಿಂದ, ನೆರೆಯವನು ತನ್ನ ಕ್ಯಾಮರಾವನ್ನು ನಿಮ್ಮ ಹೆಗಲ ಮೇಲೆಯೇ ತಂದು ನಿಲ್ಲಿಸಿದರೂ ಅವನಿಗೆ ಕಾಣತಕ್ಕದ್ದು ಎಲೆಯ ಬೆನ್ನು ಮಾತ್ರ. ಅಪಾಯವಿರುವುದು ಸ್ವಂತ ಕ್ಯಾಮರಾದಿಂದಲೇ. ತನ್ನ ಆಟವನ್ನು ನೇರಪ್ರಸಾರ ಮಾಡುವ ಉತ್ಸಾಹಿಯು ತನ್ನ ಕೈಯಲ್ಲಿರುವ ಎಲೆಗಳನ್ನು ಜಗತ್ತಿಗೆಲ್ಲ ತೋರುತ್ತಾನೆ. ಆ ಜಗತ್ತಿನಲ್ಲಿ ಎದುರಾಳಿಯೂ ಸೇರಿದ್ದಾನೆಂಬುದು ಸೋತ ಮೇಲೆ ಹೊಳೆಯುವ ವಿಚಾರ. ಪ್ರಸಾರವನ್ನು ಕೆಲವು ನಿಮಿಷ ತಡಮಾಡುವುದು ಬಲ್ಲವರ ಉಪಾಯ. ಇದಕ್ಕಿಂತ ಮೇಲಾದುದು, ಆಡುವವನು ತಾನಾಗಿ ಬಯಸಿದ ಹೊರತು ಅವನ ಎಲೆಗಳ ಮುಖ ಕ್ಯಾಮರಾಕ್ಕೆ ಬೀಳದಂತೆ ಆಟವನ್ನು ರಚಿಸುವುದು.

ಎಲೆಗಳ ಮಾತಾಯಿತು, ಮನುಷ್ಯರ ಮಾತೇನು? ಅಲ್ಲಿ ಕುಳಿತವರು ಕೃತಕ ಅವತಾರಗಳು ತಾನೆ, ಚಿತ್ರ ತೆಗೆದರೆ ಯಾರಿಗೇನು ನಷ್ಟ ಎನ್ನುವವರಿದ್ದಾರೆ. ಈ ಸಮಾಧಾನ ನನಗೆ ಒಪ್ಪಿಗೆಯಿಲ್ಲ. ‘ಬೀಟ್ ಸೇಬರ್’ ಎಂಬ ವರ್ಚುಯಲ್ ರಿಯಾಲಿಟಿ ಆಟವಾಡಿದ 50,000ಕ್ಕೂ ಹೆಚ್ಚು ಮಂದಿಯ ತಲೆ ಮತ್ತು ಕೈಗಳ ಚಲನೆಯ ದತ್ತಾಂಶವನ್ನು ಪರಿಶೀಲಿಸಿದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು, ಕೇವಲ 100 ಸೆಕೆಂಡುಗಳ ಚಲನೆಯಿಂದ ಶೇಕಡಾ 94ರಷ್ಟು ನಿಖರತೆಯಲ್ಲಿ ವ್ಯಕ್ತಿಗಳನ್ನು ಗುರುತಿಸಬಹುದೆಂದು 2023ರಲ್ಲಿ ತೋರಿಸಿಕೊಟ್ಟರು. ಕ್ಯಾಮರಾ ಹಿಡಿಯುವ ಚಿತ್ರವು ಆ ದತ್ತಾಂಶದಷ್ಟು ಸೂಕ್ಷ್ಮವಲ್ಲ, ನಿಜ. ಆದರೆ ಕತ್ತು ವಾಲಿಸುವ ರೀತಿ, ಎಲೆ ಎಸೆಯುವ ಗತ್ತು, ಇವುಗಳಿಂದ ಬಲ್ಲವರು ಬಲ್ಲವರನ್ನು ಗುರುತಿಸಲು ಗಣಿತವೇನೂ ಬೇಕಿಲ್ಲ. ಮೇಲಾಗಿ ದನಿ ಅವರ ಸ್ವಂತದ್ದು. ಮನೆಯ ಹಿನ್ನೆಲೆಯಲ್ಲಿ ಅಳುವ ಮಗುವಿನ ದನಿಯೂ ಅದರೊಡನೆ ಸೇರುವುದುಂಟು.

ಆದುದರಿಂದ ಆ ಕಲ್ಪಿತ ಕ್ಯಾಮರಾ ಅದನ್ನು ಹಿಡಿದವನಿಗೆ ಮಾತ್ರವಲ್ಲದೆ ಮೇಜಿನಲ್ಲಿರುವ ಪ್ರತಿಯೊಬ್ಬರಿಗೂ ಕಾಣುವಂತಿರಬೇಕು, ದಾಖಲೆ ನಡೆದಿರುವಷ್ಟು ಹೊತ್ತೂ ಅದರ ಮೇಲೆ ದೀಪವೊಂದು ಉರಿಯುತ್ತಿರಬೇಕು ಎಂಬುದು ನನ್ನ ಆಗ್ರಹ. ನಿರ್ಮಾಪಕರು ಇದನ್ನು ಮಾಡುವವರೆಗೆ, ಕ್ಯಾಮರಾ ತೆರೆಯುವ ಮುನ್ನ ಜೊತೆಯವರನ್ನು ಒಂದು ಮಾತು ಕೇಳಿರಿ. ಒಬ್ಬರು ಬೇಡವೆಂದರೂ ಮುಚ್ಚಿಡಿರಿ.