ದಪ್ಪಕ್ಷರದ 46

ಅಮ್ಮನಿಗೆ 55 ಆಯ್ತಲ್ಲ, ಒಂದ್ಸಲ ನೋಡಿಬಿಡೋಣ ಅಂತ ನಾನೇ ಫುಲ್ ಬಾಡಿ ಚೆಕಪ್ ಪ್ಯಾಕೇಜ್ ಮಾಡಿಸಿದೆ. ರಿಪೋರ್ಟಿನಲ್ಲಿ ಇಎಸ್‌ಆರ್ 46 ಅಂತ ದಪ್ಪಕ್ಷರದಲ್ಲಿತ್ತು, ಪಕ್ಕದಲ್ಲಿ '0-20'. ರಾತ್ರಿಯೆಲ್ಲ ಗೂಗಲ್ ಮಾಡಿದೆ. ಟಿಬಿ, ಸಂಧಿವಾತ, ಕ್ಯಾನ್ಸರ್... ಬೆಳಗಾಗುವಷ್ಟರಲ್ಲಿ ಅಮ್ಮನಿಗೆ ಇಲ್ಲದ ಕಾಯಿಲೆಯೇ ಉಳಿದಿರಲಿಲ್ಲ!

ನಮ್ಮೂರ ಡಾಕ್ಟರು ಆ 46ರ ಮೇಲೆ ಕಣ್ಣೇ ನಿಲ್ಲಿಸಲಿಲ್ಲ. "ಇಲ್ನೋಡಪ್ಪಾ, ಹಿಮೋಗ್ಲೋಬಿನ್ 9 ಇದೆ. ಇದು ಕಾಣ್ಲಿಲ್ವಾ ನಿಂಗೆ?" ಅಂದರು. ಕಂಡಿತ್ತು. ಅದೂ ದಪ್ಪಕ್ಷರದಲ್ಲೇ ಇತ್ತು. ಹೆಂಗಸರಿಗೆ ರಕ್ತ ಕಮ್ಮಿ ಇರೋದು ಇದ್ದದ್ದೇ ಅಂತ ದಾಟಿಬಿಟ್ಟಿದ್ದೆ.

ಇಎಸ್‌ಆರ್ ಅಂದರೆ ಇಷ್ಟೇ: ರಕ್ತವನ್ನು ಸಣ್ಣ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪುಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವು ಅಂತ ಅಳೆಯೋದು. ಮೈಯಲ್ಲಿ ಉರಿಯೂತವಿದ್ದರೆ ಫೈಬ್ರಿನೋಜೆನ್ ಹೆಚ್ಚಾಗಿ, ಕಣಗಳು ನಾಣ್ಯ ಪೇರಿಸಿದಂತೆ ಅಂಟಿಕೊಂಡು ಬೇಗ ಇಳಿಯುತ್ತವೆ. ಆದರೆ ರಕ್ತಹೀನತೆಯಿದ್ದರೂ ಬೇಗ ಇಳಿಯುತ್ತವೆ. ಬಸುರಿಯರಲ್ಲೂ ಏರುತ್ತೆ. ವಯಸ್ಸಾದ ಹಾಗೂ ಏರುತ್ತೆ. ಹೆಂಗಸರಿಗೆ ವಯಸ್ಸಿಗೆ ಹತ್ತು ಕೂಡಿಸಿ ಅರ್ಧ ಮಾಡಿದರೆ ಸಿಗೋದು ಮೇಲಿನ ಮಿತಿ ಅಂತ ಒಂದು ಅಂದಾಜು ಲೆಕ್ಕವಿದೆ. ಅಮ್ಮನಿಗೆ ಅದು ಸುಮಾರು 32. ಎಲ್ಲರಿಗೂ ಒಂದೇ '0-20' ಛಾಪಿಸಿದ ಲ್ಯಾಬಿನವರಿಗೆ ಏನನ್ನೋಣ?

ಡಾಕ್ಟರು ಸಿಆರ್‌ಪಿ ಬರೆದುಕೊಟ್ಟರು. ಇದು ಪಿತ್ತಜನಕಾಂಗ ತಯಾರಿಸುವ ಒಂದು ಪ್ರೋಟೀನ್, 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಪತ್ತೆಯಾದದ್ದು. ಉರಿಯೂತ ಶುರುವಾದ ಕೆಲವೇ ಗಂಟೆಗಳಲ್ಲಿ ಏರುತ್ತೆ, ಕಾರಣ ಹೋದರೆ ಸುಮಾರು 19 ಗಂಟೆಗೊಮ್ಮೆ ಅರ್ಧವಾಗುತ್ತೆ. ಇಎಸ್‌ಆರ್ ಇಳಿಯೋಕೆ ವಾರಗಟ್ಟಲೆ ಬೇಕು. ರಕ್ತ ಕಮ್ಮಿಯಿದೆ ಅಂತ ಸಿಆರ್‌ಪಿ ಏರಿ ಕೂರುವುದಿಲ್ಲ. ಅಮ್ಮನದು 2 ಬಂತು, ನಾರ್ಮಲ್.

ಹಾಗಂತ ಇಎಸ್‌ಆರ್ ಕಸಕ್ಕೆ ಹಾಕುವಂಥದ್ದಲ್ಲ. ಮಲ್ಟಿಪಲ್ ಮೈಲೋಮಾದಲ್ಲಿ, ಲೂಪಸ್‌ನಲ್ಲಿ ಇಎಸ್‌ಆರ್ ಮೇಲೇರಿ ಸಿಆರ್‌ಪಿ ತೆಪ್ಪಗಿರುವುದುಂಟು. ನನ್ನ ತಕರಾರು ಪ್ಯಾಕೇಜಿನ ಬಗ್ಗೆ. ಎರಡೂ ಟೆಸ್ಟುಗಳು 'ಎಲ್ಲೋ ಏನೋ ಎಡವಟ್ಟಾಗಿದೆ' ಅಂತ ಮಾತ್ರ ಹೇಳೋದು. ಲೈನ್ ನಂಬರ್ ಇಲ್ಲದ ಎರರ್ ಮೆಸೇಜ್ ಇದ್ದ ಹಾಗೆ. ಜ್ವರ, ಗಂಟುನೋವು, ತೂಕ ಇಳಿಯೋದು ಅಂತ ಏನಾದರೂ ಲಕ್ಷಣವಿದ್ದಾಗ ಡಾಕ್ಟರು ಕೇಳಿದರೆ ಸರಿ. ಆರಾಮಾಗಿ ಓಡಾಡಿಕೊಂಡಿರುವವರಿಗೆ ಮಾಡಿಸಿದರೆ ನನ್ನಂಥವರ ನಿದ್ದೆಗೇಡು ಅಷ್ಟೆ.

ಅಮ್ಮ ಆರಾಮಿದ್ದಳೇ ಅಂದರೆ ಅದೂ ಇಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಅಂತ ಆರು ತಿಂಗಳಿಂದ ಹೇಳುತ್ತಿದ್ದಳು. ಫೆರಿಟಿನ್ ಕೂಡ ತೀರಾ ಕಮ್ಮಿ ಬಂದಿದೆ. ಮುಟ್ಟು ನಿಂತ ಮೇಲೂ ಕಬ್ಬಿಣದ ಕೊರತೆಯೆಂದರೆ ಹೊಟ್ಟೆ, ಕರುಳಿನಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯಾ ಅಂತ ನೋಡಲೇಬೇಕಂತೆ. ಗುರುವಾರ ಎಂಡೋಸ್ಕೋಪಿ ಇದೆ, ರಜೆ ಹಾಕಿದ್ದೇನೆ.