ಹಸುಳೆಯ ಮನಸ್ಸೂ ವೈದ್ಯರ ಶಿಕ್ಷಣವೂ

“ಎಳೆಗೂಸಿಗೂ ಮನೋವ್ಯಾಧಿಯೆ?” ಎಂದು ನಮ್ಮ ಹಾಸ್ಟೆಲಿನ ಮಿತ್ರರು ನಕ್ಕರು. ಮಾತೇ ಬಾರದ ಮಗುವಿಗೆ ಮನಸ್ಸಿನ ಬೇನೆ ಎಲ್ಲಿಂದ ಬರಬೇಕು? ಎರಡು ವರ್ಷಗಳ ಹಿಂದೆ ಆಗಿದ್ದರೆ ನಾನೂ ನಗುತ್ತಿದ್ದೆ.

ನನ್ನ ಅಕ್ಕ ಎರಡನೆಯ ಹೆರಿಗೆಯ ತರುವಾಯ ಕಾಯಿಲೆ ಬಿದ್ದು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದಳು. ಒಂದೂವರೆ ವರ್ಷದ ಹಿರಿಯ ಮಗುವನ್ನು ನಮ್ಮ ಮನೆಗೆ ಕರೆತಂದೆವು. ಮೊದಲ ವಾರ ಅದು ಬಾಗಿಲ ಕಡೆ ನೋಡಿ ಅಳುತ್ತಿತ್ತು. ಆಮೇಲೆ ಅಳು ನಿಂತಿತು. ಹೊಂದಿಕೊಂಡಿತೆಂದು ನಾವೆಲ್ಲ ಸಮಾಧಾನಪಟ್ಟೆವು. ಆದರೆ ಅದು ಊಟ ಬಿಟ್ಟಿತು. ಎತ್ತಿಕೊಂಡರೆ ಕೊರಳು ತಬ್ಬದು. ಕರೆದರೆ ಗೋಡೆಯ ಕಡೆ ನೋಡುವುದು. ನಮ್ಮ ತಾಯಿಯವರು ದೃಷ್ಟಿ ತೆಗೆದರು. ವೈದ್ಯರು ತೂಕ ನೋಡಿ ಜಂತುಹುಳುವಿನ ಔಷಧಿಯನ್ನೂ ಟಾನಿಕ್ಕನ್ನೂ ಬರೆದುಕೊಟ್ಟರು. ಅವರನ್ನು ದೂರಲಾರೆ. ಹೊರಗೆ ಐವತ್ತು ಜನ ಕಾಯುತ್ತಿದ್ದರು. ಮೇಲಾಗಿ ಅವರಿಗೆ ಕಲಿಸಿದ್ದೇ ಅಷ್ಟು. ಅಕ್ಕ ಮನೆಗೆ ಬಂದಾಗ ಮಗು ಮೂರು ದಿನ ಅವಳ ಬಳಿ ಸುಳಿಯಲಿಲ್ಲ. ನಾಲ್ಕನೆಯ ದಿನ ಸೆರಗು ಹಿಡಿಯಿತು, ಅಂದೇ ಅನ್ನವನ್ನೂ ತಿಂದಿತು.

ಇದು ಹೊಸ ಸಂಗತಿಯೇನಲ್ಲ. ರೆನೆ ಸ್ಪಿಟ್ಸ್ ಎಂಬ ಮನೋವೈದ್ಯರು 1945ರಲ್ಲಿಯೇ ಎರಡು ಕಡೆಯ ಕೂಸುಗಳನ್ನು ಹೋಲಿಸಿ ಬರೆದರು. ಒಂದು ಅನಾಥ ಶಿಶುಗಳ ಮಂದಿರ, ಇನ್ನೊಂದು ಸೆರೆಮನೆಯ ಶಿಶುವಿಹಾರ. ಮಂದಿರದಲ್ಲಿ ಶುಚಿತ್ವ, ಆಹಾರಗಳಿಗೆ ಕೊರತೆಯಿರಲಿಲ್ಲ. ಆದರೆ ಹಲವು ಕೂಸುಗಳಿಗೆ ಒಬ್ಬಳೇ ದಾದಿ. ಸೆರೆಮನೆಯಲ್ಲಿ ಹೆತ್ತ ತಾಯಂದಿರೇ ನೋಡಿಕೊಳ್ಳುತ್ತಿದ್ದರು. ಚೆನ್ನಾಗಿ ಬೆಳೆದವು ಸೆರೆಮನೆಯ ಕೂಸುಗಳು. ಮಂದಿರದವು ಕುಗ್ಗಿದವು, ಅನೇಕವು ಸತ್ತವು. ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ, ಲಂಡನ್ನಿನ ಆಸ್ಪತ್ರೆಯಲ್ಲಿ ಎಂಟು ದಿನವಿದ್ದ ಎರಡು ವರ್ಷದ ಹುಡುಗಿಯ ಚಲನಚಿತ್ರವನ್ನು ವೈದ್ಯರ ಮುಂದಿಟ್ಟರು. ಮಗುವಿನ ಮೌನವೇ ಅದರ ದುಃಖವೆಂಬುದನ್ನು ಕಣ್ಣಾರೆ ಕಂಡೂ ಬಹುಮಂದಿ ಒಪ್ಪಲಿಲ್ಲ!

ಈಗ ಇಂಥ ರೋಗನಿರ್ಣಯಕ್ಕೆ ಕೈಪಿಡಿಯೂ ಉಂಟು. ಅಮೆರಿಕದ ‘ಜೀರೋ ಟು ಥ್ರೀ’ ಸಂಸ್ಥೆ 1994ರಲ್ಲಿ ಅದನ್ನು ಪ್ರಕಟಿಸಿ, 2016ರಲ್ಲಿ ಐದು ವರ್ಷದ ಮಕ್ಕಳವರೆಗೆ ವಿಸ್ತರಿಸಿತು. ರೋಗದ ಹೆಸರು ಅಲ್ಲಿ ಐದರಲ್ಲಿ ಒಂದು ಭಾಗ ಮಾತ್ರ. ಸಾಕುವವರೊಡನೆ ಮಗುವಿಗಿರುವ ನಂಟು, ದೇಹಸ್ಥಿತಿ, ಮನೆಯ ಸಂಕಟಗಳು, ಬೆಳವಣಿಗೆ ಇವನ್ನೂ ನೋಡಬೇಕು. ಮೂರರಿಂದ ಐದು ಸಲ, ಸಲಕ್ಕೆ ಮುಕ್ಕಾಲು ಗಂಟೆಯಾದರೂ ಬೇಕೆನ್ನುತ್ತಾರೆ.

ಕೂಸಿಗೆ ಈಗಲೇ ರೋಗದ ಹಣೆಪಟ್ಟಿ ಕಟ್ಟುವುದು ಸರಿಯೆ ಎಂದು ನಮ್ಮ ಉಪನ್ಯಾಸಕರೊಬ್ಬರು ಕೇಳಿದರು. ಅವರ ಅಂಜಿಕೆ ನ್ಯಾಯವಾದದ್ದೇ. ಆದರೆ ಅವಸರದಿಂದ ಹಣೆಪಟ್ಟಿ ಕಟ್ಟುವವನು ತರಬೇತಿಯಿಲ್ಲದವನು. ಬಲ್ಲವನಿಗೆ “ಇದು ರೋಗವಲ್ಲ, ವಯಸ್ಸಿನ ಹಟ” ಎಂದು ಹೇಳಿ ಕಳುಹಿಸಲೂ ಬರುತ್ತದೆ.

ಹಾಗಾದರೆ ತರಬೇತಿ ಎಲ್ಲಿಂದ ಆರಂಭವಾಗಬೇಕು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ, ಸಂತೋಷ. ಆದರೆ ಕೂಸುಗಳು ಬರುವುದು ಚುಚ್ಚುಮದ್ದಿನ ದಿನ ಹತ್ತಿರದ ಆರೋಗ್ಯಕೇಂದ್ರಕ್ಕೆ. ಅಲ್ಲಿನ ವೈದ್ಯರಿಗೂ ದಾದಿಯರಿಗೂ ಮೊದಲು ನೋಡುವುದನ್ನು ಕಲಿಸಬೇಕೆಂಬುದು ನನ್ನ ಅಭಿಪ್ರಾಯ. ಲಂಡನ್ನಿನ ಟಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಎಸ್ತರ್ ಬಿಕ್ ಎಂಬಾಕೆ 1948ರಲ್ಲಿ ಒಂದು ಕ್ರಮ ತಂದರು. ವಿದ್ಯಾರ್ಥಿಯು ಒಂದು ಕೂಸಿನ ಮನೆಗೆ ವಾರಕ್ಕೊಂದು ಗಂಟೆಯಂತೆ ಎರಡು ವರ್ಷ ಹೋಗಬೇಕು. ಬುದ್ಧಿವಾದ ಹೇಳಕೂಡದು, ಅಲ್ಲಿ ಕುಳಿತು ಬರೆದುಕೊಳ್ಳಲೂ ಕೂಡದು, ಸುಮ್ಮನೆ ನೋಡಬೇಕು. ಇದಕ್ಕೆ ಯಂತ್ರ ಬೇಡ, ಕಟ್ಟಡ ಬೇಡ. ವೈದ್ಯಕೀಯ ಕಾಲೇಜುಗಳ ಮಾತು ಹಾಗಿರಲಿ, ನಮ್ಮ ಮನಶ್ಶಾಸ್ತ್ರ ವಿಭಾಗದಲ್ಲಿಯೇ ಬರುವ ವರ್ಷ ಇದನ್ನು ಮಾಡಿ ನೋಡಬಾರದೆ? ಕಾಲೇಜಿನ ಹಿಂದಿನ ಬೀದಿಯಲ್ಲಿ ತೊಟ್ಟಿಲಿಲ್ಲದ ಮನೆ ಕಡಮೆ.