ಮಂಗನ ಮಾತು ಸಾಕು, ಹತ್ತಿಕಾಯಿ ಒಡೆದು ನೋಡಿ

2018ರ ಜನವರಿಯಲ್ಲಿ ಔರಂಗಾಬಾದಿನಲ್ಲಿ (ಈಗಿನ ಛತ್ರಪತಿ ಸಂಭಾಜಿನಗರ) ಒಂದು ವೈದಿಕ ಸಮ್ಮೇಳನ ನಡೆಯಿತು. ಅಲ್ಲಿಗೆ ಬಂದಿದ್ದ ಕೇಂದ್ರದ ಮಾನವ ಸಂಪನ್ಮೂಲ ರಾಜ್ಯ ಸಚಿವ ಸತ್ಯಪಾಲ್ ಸಿಂಗ್, ಡಾರ್ವಿನ್ನನ ಸಿದ್ಧಾಂತ ವೈಜ್ಞಾನಿಕವಾಗಿ ತಪ್ಪು, ಪಠ್ಯಪುಸ್ತಕ ಬದಲಾಗಬೇಕು ಎಂದರು. ಮಂಗ ಮನುಷ್ಯನಾದದ್ದನ್ನು ಕಂಡೆವೆಂದು ನಮ್ಮ ಹಿರಿಯರು ಯಾರೂ ಹೇಳಿಲ್ಲ, ಬರೆದಿಲ್ಲ ಎಂಬುದು ಅವರ ತರ್ಕ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿ ಹೇಳಿಕೆ ಕೊಟ್ಟವು, ಹಿರಿಯ ಸಚಿವರು ಕಿವಿಮಾತು ಹೇಳಿದರು, ಟಿವಿಯಲ್ಲಿ ಎರಡು ದಿನ ಮಂಗಗಳು ಕುಣಿದವು. ಅಲ್ಲಿಗೆ ಮುಗಿಯಿತು.

ಸಚಿವರನ್ನು ಗೇಲಿ ಮಾಡುವುದು ಸುಲಭ. ಗೇಲಿ ಮಾಡಿದವರು ಏನು ಕಂಡರು ಎಂದು ಕೇಳುವುದು ಕಷ್ಟ. ಭಾಷಣ ನಡೆದ ಊರಿನಿಂದ ಯಾವ ದಿಕ್ಕಿಗೆ ಹೊರಟರೂ ಹತ್ತಿಯ ಹೊಲಗಳು. 2017ರ ಮುಂಗಾರಿನಲ್ಲಿ ಬಿತ್ತಿದ ಆ ಬೆಳೆಯನ್ನು ಗುಲಾಬಿ ಕಾಯಿಕೊರಕ ತಿಂದು ಹಾಕಿತ್ತು. ಮರಾಠವಾಡ, ವಿದರ್ಭದ ರೈತರು ನಿಂತ ಬೆಳೆಯ ಮೇಲೆ ಟ್ರ್ಯಾಕ್ಟರ್ ಓಡಿಸಿದ್ದರು. ಹಿಂದಿನ ತಿಂಗಳಷ್ಟೇ ರಾಜ್ಯ ಸರ್ಕಾರ ಪರಿಹಾರ ಘೋಷಿಸಿತ್ತು. ಆ ಹುಳು ಅಲ್ಲಿಗೆ ತಲುಪಿದ್ದು ವಿಕಾಸದ ಮೂಲಕ, ಅದೂ ಹದಿನೈದೇ ವರ್ಷದಲ್ಲಿ. ಕಂಡವರಿಲ್ಲ ಎಂದು ಸಚಿವರು ಹೇಳುತ್ತಿದ್ದಾಗ, ಕಂಡವರು ಪಂಚನಾಮೆಗೆ ಸಹಿ ಹಾಕಿ ಕೂತಿದ್ದರು. ಸಚಿವರಿಗೆ ಉತ್ತರ ಕೊಟ್ಟವರೋ ಪಳೆಯುಳಿಕೆಗಳನ್ನು ಹುಡುಕಿಕೊಂಡು ಹೋದರು.

ಬಿಟಿ ಹತ್ತಿಯ ಕತೆಯನ್ನು ಕಂಪನಿಯವರು, ಪತ್ರಿಕೆಯವರು, ಶಾಲೆಯ ಮೇಷ್ಟ್ರು ಎಲ್ಲರೂ ಬೀಗ ಮತ್ತು ಕೀಲಿಕೈಯ ಹೋಲಿಕೆಯಲ್ಲಿ ಹೇಳಿದರು. ಮಣ್ಣಿನ ಬ್ಯಾಕ್ಟೀರಿಯಾ ಒಂದರ ಕ್ರೈ1ಎಸಿ ಎಂಬ ಪ್ರೋಟೀನನ್ನು ಹತ್ತಿಗಿಡವೇ ತಯಾರಿಸುತ್ತದೆ. ಹುಳು ಅದನ್ನು ತಿನ್ನುತ್ತದೆ. ಹುಳುವಿನ ಕರುಳಿನ ಗೋಡೆಯಲ್ಲಿ ಕ್ಯಾಡ್ಹೆರಿನ್ ಎಂಬ ಇನ್ನೊಂದು ಪ್ರೋಟೀನ್ ಇದೆ. ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ವಿಷದ ತುಣುಕುಗಳು ಗುಂಪುಗೂಡಿ ಕರುಳಿನಲ್ಲಿ ರಂಧ್ರ ಕೊರೆಯುತ್ತವೆ, ಹುಳು ಸಾಯುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಬೀಗ ಕಬ್ಬಿಣದ್ದು, ಮಾಡಿಟ್ಟಲ್ಲಿ ಹಾಗೇ ಇರುತ್ತದೆ. ಪ್ರೋಟೀನ್ ಹಾಗಲ್ಲ. ಅದು ಪ್ರತಿ ಪೀಳಿಗೆಯಲ್ಲೂ ಹೊಸದಾಗಿ ನಕಲಾಗುತ್ತದೆ, ನಕಲಿನಲ್ಲಿ ತಪ್ಪುಗಳಾಗುತ್ತವೆ. ಕೋಟ್ಯಂತರ ಹುಳುಗಳಲ್ಲಿ ಕೆಲವಕ್ಕೆ ಕೆಟ್ಟ ಬೀಗ ಹುಟ್ಟಿನಿಂದಲೇ ಇರುತ್ತದೆ. ಎಲ್ಲ ಹೊಲಕ್ಕೂ ಒಂದೇ ಕೀಲಿಕೈ ಹಂಚಿದರೆ ಉಳಿಯುವವು ಅವೇ.

ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರ ಮಾರ್ಚಿನಲ್ಲಿ. 2006ಕ್ಕೆ ಎರಡು ವಿಷದ ತಳಿ ಬಂತು. 2010ರಲ್ಲಿ ಮೊನ್ಸಾಂಟೊ ಕಂಪನಿಯೇ ಗುಜರಾತಿನ ನಾಲ್ಕು ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕ ಮೊದಲ ವಿಷಕ್ಕೆ ಜಗ್ಗುತ್ತಿಲ್ಲ ಎಂದು ಒಪ್ಪಿಕೊಂಡಿತು. ಕೆಲವೇ ವರ್ಷಗಳಲ್ಲಿ ಎರಡನೆಯದಕ್ಕೂ ಅದೇ ಗತಿ. ಭಾರತದ ಹುಳುಗಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಕ್ಯಾಡ್ಹೆರಿನ್ ಜೀನಿನ ಎಂಟು ಮುರುಕು ರೂಪಗಳನ್ನು ಪತ್ತೆ ಮಾಡಿತು. ಅಮೆರಿಕದ ಅರಿಝೋನಾದ ಪ್ರಯೋಗಾಲಯದಲ್ಲಿ ಸಾಕಿದ ಇದೇ ಜಾತಿಯ ಹುಳುಗಳಲ್ಲೂ ಮುರಿದಿದ್ದದ್ದು ಅದೇ ಜೀನು. ಮುರಿದ ಜಾಗ ಮಾತ್ರ ಬೇರೆ. ಎರಡು ಖಂಡ, ನಂಟಿಲ್ಲದ ಎರಡು ಹಿಂಡು, ಬಿಟ್ಟುಕೊಟ್ಟದ್ದು ಒಂದೇ ಪ್ರೋಟೀನನ್ನು.

ಅದೇ ಪ್ರೋಟೀನು ಏಕೆ? ಉತ್ತರ ಸಿಗುವುದು ನಾಶಿಕದಲ್ಲಿ.

ನಾಶಿಕದ ದಿಂಡೋರಿ, ನಿಫಾಡದ ದ್ರಾಕ್ಷಿ ಬೆಳೆಗಾರರಿಗೆ ಅಕ್ಟೋಬರಿನ ಛಾಟಣಿ ಆದಮೇಲೆ ಮಳೆ ಬಂದರೆ ನಿದ್ದೆಯಿಲ್ಲ. ಬೂಜು ತುಪ್ಪಟ ರೋಗ, ತೋಟದವರ ಬಾಯಲ್ಲಿ ಬರೀ ‘ಡೌನಿ’, ಚಿಗುರಿಗೂ ಎಳೆ ಗೊಂಚಲಿಗೂ ಹತ್ತುತ್ತದೆ. ನಮ್ಮ ವಿಜಯಪುರದವರಿಗೂ ಇದು ಹೊಸದಲ್ಲ. ಇದಕ್ಕೆ ಹೊಡೆಯುವ ಅಝಾಕ್ಸಿಸ್ಟ್ರೋಬಿನ್, ರೋಗಾಣುವಿನ ಉಸಿರಾಟದ ಯಂತ್ರದಲ್ಲಿರುವ ಸೈಟೋಕ್ರೋಮ್ ಬಿ ಎಂಬ ಪ್ರೋಟೀನಿಗೆ ಅಡ್ಡ ಕೂರುತ್ತದೆ. ಮಹಾರಾಷ್ಟ್ರದ ದ್ರಾಕ್ಷಿ ತೋಟಗಳಲ್ಲೂ ಈ ಔಷಧಿಗೆ ಬಗ್ಗದ ಡೌನಿ ಬಂದಿದೆ. ಆದರೆ ಇಲ್ಲಿ ಮುರುಕು ಬೀಗ ಸಿಗುವುದಿಲ್ಲ. ಸೈಟೋಕ್ರೋಮ್ ಬಿ ಹತ್ತಾರು ಪ್ರೋಟೀನುಗಳ ನಡುವೆ ಸಿಕ್ಕಿಕೊಂಡು ದುಡಿಯುವಂಥದ್ದು. ಅದು ಮುರಿದರೆ ಉಸಿರೇ ನಿಲ್ಲುತ್ತದೆ. ಹಾಗಾಗಿ ರೋಗಾಣುವಿಗೆ ಸಿಕ್ಕಿದ್ದು ಸೂಜಿಮೊನೆಯಷ್ಟು ಸಂದು: 143ನೇ ಸ್ಥಾನದಲ್ಲಿ ಗ್ಲೈಸಿನ್ ಹೋಗಿ ಅಲನಿನ್. ಒಂದು ಇಂಗಾಲ, ಮೂರು ಜಲಜನಕ ಇರುವ ಕಡೆ ಮೊದಲು ಬರೀ ಒಂದು ಜಲಜನಕ ಇತ್ತು, ವ್ಯತ್ಯಾಸ ಇಷ್ಟೇ. ಔಷಧಿ ಅಂಟುವುದಿಲ್ಲ, ನೆರೆಹೊರೆಯ ಪ್ರೋಟೀನುಗಳ ಜೊತೆಗಿನ ವ್ಯವಹಾರ ನಡೆದುಕೊಂಡು ಹೋಗುತ್ತದೆ.

ಪ್ರೋಟೀನುಗಳ ಜಾಲ ವಿಕಾಸವಾಗುವ ರೀತಿ ಇದು. ನಡುಮನೆಯ ಕಂಬವನ್ನು ತೆಗೆಯಲಾಗುವುದಿಲ್ಲ, ಸ್ವಲ್ಪ ಕೆತ್ತಬಹುದು. ಪಡಸಾಲೆಯ ಕಿಟಕಿಯಾದರೆ ಹೇಗೆ ಬೇಕಾದರೂ ಮುಚ್ಚಬಹುದು, ಗಾಳಿ ಕಡಿಮೆಯಾದರೆ ಸಹಿಸಿಕೊಂಡರಾಯಿತು. ಕಾಯಿಕೊರಕಕ್ಕೆ ಕ್ಯಾಡ್ಹೆರಿನ್ ಅಂಥ ಕಿಟಕಿ: ಇಲ್ಲದಿದ್ದರೆ ನಷ್ಟವಿದೆ, ಸಾವಿಲ್ಲ. ಔಷಧಿ ತಯಾರಕರು ಒಂದೊಂದು ಪ್ರೋಟೀನನ್ನು ಒಂಟಿಯಾಗಿ ಗುರಿ ಇಟ್ಟುಕೊಂಡು ‘ರಾಮಬಾಣ’ ಎಂದು ಮಾರುತ್ತಾರೆ. ಹುಳುವಿನೊಳಗೆ ಒಂಟಿ ಪ್ರೋಟೀನು ಎಂಬುದೇ ಇಲ್ಲ.

ನಮ್ಮ ಮಾತೂ ಈ ತಪ್ಪಿಗೆ ಸಹಾಯ ಮಾಡಿದೆ. ಕನ್ನಡದಲ್ಲಿ ನಾವು ‘ವಿಕಾಸವಾದ’ ಎನ್ನುತ್ತೇವೆ. ಬಾಲಕ್ಕೆ ‘ವಾದ’ ಸೇರಿಸಿದ ಕೂಡಲೇ ಅದಕ್ಕೊಂದು ಪ್ರತಿವಾದ ಬೇಕಾಗುತ್ತದೆ, ವೇದಿಕೆ ಬೇಕಾಗುತ್ತದೆ, ಸಚಿವರೂ ಬೇಕಾಗುತ್ತಾರೆ. ಗುರುತ್ವವಾದ ಎಂದು ಯಾರೂ ಅನ್ನುವುದಿಲ್ಲ. ಇನ್ನು ‘ವಿಕಾಸ’ ಎಂದರೆ ಹಿಂದಿ, ಮರಾಠಿಯಲ್ಲಿ ರಸ್ತೆ, ಸೇತುವೆ, ಅಭಿವೃದ್ಧಿ, ಮೇಲಕ್ಕೇ ಹೋಗಬೇಕಾದದ್ದು. ಒಂದು ಪ್ರೋಟೀನನ್ನು ಮುರಿದುಕೊಂಡು ಬದುಕುಳಿದ ಹುಳುವನ್ನು ಆ ಪದದೊಳಗೆ ಎಲ್ಲಿ ಕೂರಿಸುವುದು? (ಮರಾಠಿಯಲ್ಲಿ ಈ ಹುಳುವಿಗೆ ‘ಬೊಂಡ್‌ಅಳಿ’ ಎನ್ನುತ್ತಾರೆ. ಅಲ್ಲಿ ಅಳಿ ಎಂದರೆ ಹುಳು. ಕನ್ನಡದ ಕಿವಿಗೆ ಅಳಿ ಎಂದರೆ ನಾಶವಾಗು. ಅದೊಂದನ್ನು ಬಿಟ್ಟು ಉಳಿದೆಲ್ಲ ಮಾಡಿತು.)

ಈಗ ಬಹಳ ಜನರಿಗೆ ಪ್ರಿಯವಾದ ಇನ್ನೊಂದು ಮಾತು: ತಪ್ಪು ರೈತನದು. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಬೀಜದ ಪೊಟ್ಟಣ ಕೊಟ್ಟಿದ್ದರು. ಅದನ್ನು ಅಂಚಿಗೆ ಬಿತ್ತಬೇಕಿತ್ತು. ಅಲ್ಲಿ ವಿಷ ತಿನ್ನದ ಹುಳುಗಳು ಬೆಳೆದು, ಗಟ್ಟಿ ಹುಳುಗಳ ಜೊತೆ ಕೂಡಿ, ಅವುಗಳ ಮರಿಗಳಿಗೆ ಒಂದಾದರೂ ಸರಿಯಾದ ಜೀನು ಸಿಕ್ಕಿ, ಆ ಮರಿಗಳು ಬಿಟಿ ತಿಂದು ಸಾಯಬೇಕಿತ್ತು. ಲೆಕ್ಕ ಸರಿಯೇ. ಆದರೆ ಎರಡು ಎಕರೆಯವನಿಗೆ ಹುಳುವನ್ನು ಬೇಕೆಂದೇ ಸಾಕು ಎಂದು ಹೇಳುವಾಗ ಏಕೆಂದು ಹೇಳಿದವರು ಎಷ್ಟು ಜನ? ಪೊಟ್ಟಣ ಬದುವಿನ ಮೇಲೆ ಬಿತ್ತು.

ಬಿತ್ತಿದ್ದರೂ ಸಾಕಾಗುತ್ತಿತ್ತೇ? ಭಾರತದ ಹತ್ತಿ ಹೆಚ್ಚೂಕಡಿಮೆ ಪೂರ್ತಿ ಹೈಬ್ರಿಡ್. 1972ರಲ್ಲಿ ಧಾರವಾಡದಿಂದ ಹೊರಬಂದ ವರಲಕ್ಷ್ಮಿ ತಳಿಯ ಬಗ್ಗೆ ನಮಗೆ ಹೆಮ್ಮೆಯಿದೆ, ಇರಲಿ. ಆದರೆ ಹೈಬ್ರಿಡ್ ಬೀಜವನ್ನು ವರ್ಷ ವರ್ಷ ಕೊಳ್ಳಬೇಕು, ಕಂಪನಿಗೆ ಅದೇ ಅನುಕೂಲ. ಹೈಬ್ರಿಡ್ ಗಿಡದ ಒಂದೇ ಕಾಯಿಯೊಳಗೆ ವಿಷವಿರುವ ಬೀಜವೂ ಇಲ್ಲದ ಬೀಜವೂ ಬೆರೆತಿರುತ್ತವೆ. ಕಾಯಿಕೊರಕ ಬೀಜದಿಂದ ಬೀಜಕ್ಕೆ ರುಚಿ ನೋಡುತ್ತ ಬೆಳೆಯುತ್ತದೆ. ದುಬಾರಿ ಬೀಜವೆಂದು ದೂರ ದೂರ ಬಿತ್ತಿ, ಗಿಡವನ್ನು ಚಳಿಗಾಲ ದಾಟುವವರೆಗೆ ನಿಲ್ಲಿಸುತ್ತಾರೆ; ಹುಳುವಿಗೆ ಇನ್ನೆರಡು ಪೀಳಿಗೆ ಪುಕ್ಕಟೆ. ಇದನ್ನು ರೂಪಿಸಿದ್ದು ರೈತನಲ್ಲ. ಅರಿಝೋನಾದಲ್ಲಿ ಸಾದಾ ಹತ್ತಿಯ ಅಂಚು ಕಾಯ್ದರು, ಬಂಜೆ ಪತಂಗಗಳನ್ನು ವಿಮಾನದಿಂದ ಬಿಟ್ಟರು; 2018ರಲ್ಲಿ ಅಮೆರಿಕ ತನ್ನ ಹತ್ತಿ ಪ್ರದೇಶಗಳಿಂದ ಈ ಹುಳು ನಿರ್ಮೂಲವಾಯಿತೆಂದು ಘೋಷಿಸಿತು. ಅದೇ ಹುಳು, ಅದೇ ಕ್ಯಾಡ್ಹೆರಿನ್. ಅಲ್ಲಿನ ಸರ್ಕಾರ, ವಿಶ್ವವಿದ್ಯಾಲಯ, ಬೆಳೆಗಾರರ ಸಂಘ ಮೂರೂ ಹುಳು ಬದಲಾಗುತ್ತದೆ ಎಂದು ಮೊದಲೇ ನಂಬಿ ಕೆಲಸ ಮಾಡಿದ್ದವು.

ಇಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನದಲ್ಲಿ ‘ಅನುವಂಶೀಯತೆ ಮತ್ತು ವಿಕಾಸ’ ಎಂದಿದ್ದ ಪಾಠ, ಹೊರೆ ಇಳಿಸುವ ಹೆಸರಿನಲ್ಲಿ ಬರೀ ‘ಅನುವಂಶೀಯತೆ’ ಆಯಿತು. 2023ರಲ್ಲಿ ಸಾವಿರಾರು ವಿಜ್ಞಾನಿಗಳು, ಶಿಕ್ಷಕರು ಪತ್ರ ಬರೆದರು. ಹನ್ನೊಂದು, ಹನ್ನೆರಡರ ಜೀವಶಾಸ್ತ್ರದಲ್ಲಿ ಇದ್ದೇ ಇದೆಯಲ್ಲ ಎಂದು ಉತ್ತರ ಬಂತು. ಹತ್ತನೆಯದು ಮುಗಿಸಿ ಐಟಿಐಗೋ ಕಾಮರ್ಸಿಗೋ ಅಪ್ಪನ ಹೊಲಕ್ಕೋ ಹೋಗುವ ಹುಡುಗ ಆ ಪಾಠ ಓದುವುದಿಲ್ಲ. ಮುಂದಿನ ಜೂನಿನಲ್ಲಿ ಅಂಗಡಿಯ ಕಟ್ಟೆಯ ಮೇಲೆ ಬೀಜದ ಚೀಲ ಆರಿಸುವವನು ಅವನೇ.